ಹಳೆಯ ಬಾಗಿಲನ್ನು ಕಾದ ಸುನಿಲ್ದಾ

ಬೆಳಿಗ್ಗೆ ಆರೂವರೆಗೆ ಸಹಕಾರಿ ಔಷಧ ಭಂಡಾರದ ಒಳಗೆ ಕಾಲಿಟ್ಟ ಮೇಲೆ ಸುನಿಲ್ದಾ ಕಾನ್ಯೆತೆ ಮೊದಲು ಮಾಡುತ್ತಿದ್ದುದು ಒಂದೇ ಕೆಲಸ. ಕೊಂಬಿನ ಲೋಟಕ್ಕೆ ಚಹಾದಂತೆ ಕುಡಿಯುವ ಎರ್ಬಾ ಸೊಪ್ಪಿನ ಪುಡಿ ತುಂಬಿ ಫ್ಲಾಸ್ಕಿನಿಂದ ತಣ್ಣೀರು ಸುರಿಯುತ್ತಿದ್ದಳು. ಆ ಮೊದಲ ನೀರು ಸಂತ ತೋಮಾಸನ ಪಾಲೆಂದು ಅಲ್ಲಿಯವರ ನಂಬಿಕೆ, ಅದನ್ನು ಯಾರೂ ಕುಡಿಯುವುದಿಲ್ಲ. ಸೊಪ್ಪು ಅದನ್ನು ಹೀರಿಕೊಂಡು ಉಬ್ಬುವ ತನಕ ಸುಮ್ಮನೆ ಕಾಯಬೇಕು. ಹಾಗೆ ಕಾಯುವ ಹೊತ್ತಿನಲ್ಲಿ ಅವಳು ಕಂಪ್ಯೂಟರಿನಲ್ಲಿ ಒಂದು ಪಟ್ಟಿ ತೆಗೆದು, ಹಿಂದಿನ ದಿನ ಹಳೆಯ ಬಾಗಿಲನ್ನು ಯಾರು ಯಾರು ತಟ್ಟಿದರು ಎಂದು ಸಾಲು ಸಾಲಾಗಿ ಓದುತ್ತಿದ್ದಳು. ತಂಗಿಯ ಮದುವೆಯ ದಿನವೂ ಹೊಸ ಬಟ್ಟೆ ಉಟ್ಟುಕೊಂಡೇ ಬಂದು, ಓದಿ, ಆಮೇಲೆ ಇಗರ್ಜಿಗೆ ಹೋಗಿದ್ದಳು.

ಹಳೆಯ ಬಾಗಿಲೆಂದರೆ ಮರದ್ದಲ್ಲ. ಅದು ವೆಬ್‌ನಲ್ಲಿ ಒಂದು ವಿಳಾಸ. ಜನ ಪತ್ರಿಕೆ ಓದಲು, ಹಾಡು ಕೇಳಲು ಯಾವ ದಾರಿಯಲ್ಲಿ ಹೋಗುತ್ತಾರೋ ಅದೇ ದಾರಿಯಲ್ಲಿ ದೂರದ ಯಂತ್ರಗಳು ಈ ವಿಳಾಸಕ್ಕೆ ಬಂದು ಒಂದೊಂದು ಪ್ರಶ್ನೆ ಕೇಳುತ್ತಿದ್ದವು. ಶೀತಲ ಕೋಣೆಯಲ್ಲಿ ಏನಿದೆ, ಲಾರಿ ಎಲ್ಲಿಗೆ ಬಂತು, ಈ ವಾರದ ಲಾಂಚಿನಲ್ಲಿ ಏನು ಹೊರಟಿತು. ಬಾಗಿಲು ಉತ್ತರ ಕೊಟ್ಟು ಸುಮ್ಮನಾಗುತ್ತಿತ್ತು. ಕೇಳಿದವರು ಯಾರೆಂದು ವಿಚಾರಿಸುತ್ತಿರಲಿಲ್ಲ, ಬಂದ ಹೊತ್ತು, ಬಂದ ನಂಬರು ಮಾತ್ರ ಪಟ್ಟಿಯಲ್ಲಿ ಒಂದು ಸಾಲಾಗಿ ಉಳಿಯುತ್ತಿತ್ತು. ಹದಿನೈದು ವರ್ಷದ ಹಿಂದೆ ಅದನ್ನು ಕಟ್ಟಿದವಳು ಸುನಿಲ್ದಾಳೇ.

ಅವಳು ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಕರಪೆಗ್ವಾ ಎಂಬ ಊರಿನಿಂದ ರಾಜಧಾನಿ ಅಸುನ್ಸಿಯೊನ್‌ಗೆ ಬಂದು ಭಂಡಾರದ ರೇಡಿಯೋ ಕೋಣೆಯಲ್ಲಿ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಏಳಕ್ಕೆ ನದಿಯ ಮೇಲಿನ ಊರುಗಳಿಂದ, ಚಾಕೊ ಬಯಲಿನಿಂದ ನರ್ಸುಗಳ ಕೂಗು ಶುರುವಾಗುತ್ತಿತ್ತು. ಹಾವಿನ ವಿಷದ ಮದ್ದು ಇದೆಯೇ, ಲಸಿಕೆ ಯಾವಾಗ ಬರುತ್ತದೆ. ಅವಳು ಹೆಡ್‌ಫೋನು ಕೆಳಗಿಟ್ಟು ಶೀತಲ ಕೋಣೆಗೆ ಓಡುವಳು, ಅಲ್ಲಿಂದ ಲಾರಿಯವರ ಹತ್ತಿರ, ಅಲ್ಲಿಂದ ಬಂದರಿನ ಗುಮಾಸ್ತರ ಹತ್ತಿರ. ಶೀತಲ ಕೋಣೆಯವರ ಲೆಕ್ಕ ಪೆಟ್ಟಿಗೆಯಲ್ಲಿ, ಲಾರಿಯವರದು ತೂಕದಲ್ಲಿ, ನರ್ಸುಗಳದು ಎಷ್ಟು ಜನರಿಗೆ ಎಷ್ಟು ದಿನ ಎನ್ನುವುದರಲ್ಲಿ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುವಂತೆ ಮಾಡಿ, ಏದುಸಿರು ಬಿಡುತ್ತಾ ವಾಪಸು ಬಂದು ಉತ್ತರ ಹೇಳುವಳು. ಹನ್ನೆರಡು ವರ್ಷ ಆ ಭಂಡಾರದ ವಿಭಾಗಗಳ ನಡುವಿನ ತಂತಿ ಎಂದರೆ ಅವಳ ಎರಡು ಕಾಲು.

ಆಮೇಲೆ ಕಂಪ್ಯೂಟರುಗಳು ಬಂದವು. ಪ್ರತಿ ವಿಭಾಗಕ್ಕೂ ಅದರದೇ ಒಂದು, ಅದರದೇ ಪ್ರೋಗ್ರಾಂ. ಶೀತಲ ಕೋಣೆಯದನ್ನು ಬರೆದವನು ಎಲ್ಲರೂ ಗೌರವದಿಂದ ದೋನ್ ಎನ್ನುತ್ತಿದ್ದ ಎಲಾದಿಯೊ. ಬಿಳಿ ಮೀಸೆಯ, ಕಡಿಮೆ ಮಾತಿನ, ಮುಂಗೋಪಿ ಮುದುಕ. ಪ್ರೋಗ್ರಾಮುಗಳು ಒಂದಕ್ಕೊಂದು ಮಾತಾಡಲಿ ಎಂದು ಜೋಡಿ ಜೋಡಿಗೆ ಪ್ರತ್ಯೇಕ ಗಂಟು ಹಾಕಿದರು. ಶೀತಲ ಕೋಣೆಗೂ ಲಾರಿಗೂ ಒಂದು ಗಂಟು, ಲಾರಿಗೂ ಬಂದರಿಗೂ ಇನ್ನೊಂದು. ಒಂದು ಸಲ ಎಲಾದಿಯೊ ತನ್ನ ಕೋಷ್ಟಕದಲ್ಲಿ ಒಂದು ಅಂಕಣವನ್ನು ಎರಡು ಅಕ್ಷರ ಅಗಲ ಮಾಡಿದ. ಗಂಟು ಅದನ್ನು ತಪ್ಪಾಗಿ ಓದಿ, ಆ ವಾರ ಪಿಲಾರ್‌ಗೆ ಹೋಗಬೇಕಿದ್ದ ಲಾರಿ ಬ್ಯಾಂಡೇಜು ತುಂಬಿಕೊಂಡು ಮರಿಸ್ಕಾಲ್‌ಗೆ ಹೋಯಿತು. ಎಲ್ಲವನ್ನೂ ನುಂಗುವ ಒಂದೇ ದೊಡ್ಡ ಪ್ರೋಗ್ರಾಂ ಬರೆಯುತ್ತೇವೆಂದು ಹೊರದೇಶದಿಂದ ಸಲಹೆಗಾರರು ಬಂದರು. ಎರಡು ವರ್ಷ ಕೂತರು. ಅವರ ಪ್ರೋಗ್ರಾಂ ಒಂದು ದಿನವೂ ಪೂರ್ತಿ ಎದ್ದು ನಿಲ್ಲಲಿಲ್ಲ.

ಅಷ್ಟರಲ್ಲಿ ರೇಡಿಯೋ ಕೋಣೆ ಮುಚ್ಚಿ ಸುನಿಲ್ದಾಳನ್ನು ಕಂಪ್ಯೂಟರ್ ವಿಭಾಗದಲ್ಲಿ ಟೈಪು ಮಾಡಲು ಕೂರಿಸಿದ್ದರು. ಬಿಡುವಿನಲ್ಲಿ ಅವಳು ಅಲ್ಲಿದ್ದ ದಪ್ಪ ಪುಸ್ತಕಗಳನ್ನು ಬೆರಳಿಟ್ಟು ಓದಿದಳು. ಅರ್ಥವಾಗದ ಪುಟಕ್ಕೆ ಮರುದಿನ ಮತ್ತೆ ಬರುವಳು. ಹುಡುಗರು ಮಾತಾಡುವುದನ್ನು ಪಕ್ಕದಲ್ಲಿ ಕೂತು ಕೇಳುವಳು, ಮಧ್ಯೆ ಬಾಯಿ ಹಾಕುತ್ತಿರಲಿಲ್ಲ. ಹೀಗೆ ಕಲಿಯುತ್ತಾ ಕಲಿಯುತ್ತಾ ಅವಳಿಗೆ ತನ್ನ ಓಡಾಟದ ವರ್ಷಗಳು ನೆನಪಾದವು. ಅವಳೇನು ಶೀತಲ ಕೋಣೆಯ ಕಪಾಟು ತೆಗೆದು ನೋಡುತ್ತಿದ್ದಳೇ? ಇಲ್ಲ. ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು, ಅವರು ಹೇಳುತ್ತಿದ್ದರು. ಯಂತ್ರಗಳಿಗೂ ಅಷ್ಟು ಸಾಕಲ್ಲವೇ ಎನಿಸಿತು. ಒಬ್ಬರ ಮನೆಯೊಳಗೆ ಇನ್ನೊಬ್ಬರು ಹೋಗುವುದು ಬೇಡ. ಪ್ರತಿ ಮನೆಗೂ ಒಂದು ಬಾಗಿಲು, ಆ ಬಾಗಿಲಲ್ಲಿ ಏನು ಕೇಳಬಹುದು, ಏನು ಉತ್ತರ ಸಿಗುತ್ತದೆ ಎಂದು ಮೊದಲೇ ಬರೆದಿಟ್ಟ ಒಪ್ಪಂದ. ಒಳಗೆ ಗೋಡೆ ಕೆಡವಿ, ಕಟ್ಟಿ, ಏನು ಬೇಕಾದರೂ ಮಾಡಿಕೊಳ್ಳಲಿ, ಒಪ್ಪಂದ ಕೆಡದಿದ್ದರೆ ಸರಿ. ಹಾಗೆ ಬಾಗಿಲಲ್ಲಿ ನಿಂತು ಉತ್ತರ ಕೊಡುವುದಕ್ಕೆ ಸೇವೆ ಎಂದು ಹೆಸರು, ಇಂಥ ಸೇವೆಗಳನ್ನು ಜೋಡಿಸಿ ಇಡೀ ಸಂಸ್ಥೆಯನ್ನು ನಡೆಸುವುದೇ ಒಂದು ಕಟ್ಟಡ ವಿದ್ಯೆ ಎಂದು ಅವಳಿಗೆ ಆಮೇಲೆ ಪುಸ್ತಕದಿಂದ ತಿಳಿಯಿತು.

ಬಾಗಿಲಿಗೆ ದಾರಿ ಬೇಕಲ್ಲ. ಅದಕ್ಕಾಗಿ ಹೊಸದಾಗಿ ಏನನ್ನೂ ಹಾಸಬೇಕಿರಲಿಲ್ಲ. ವೆಬ್ ಎನ್ನುವುದು ಆಗಲೇ ಮನೆಮನೆಗೆ ಬಂದಿತ್ತು. ಒಂದು ವಿಳಾಸ ಕೇಳಿದರೆ ಒಂದು ಪುಟ ಬರುತ್ತದೆ. ಕೇಳುವ ರೀತಿ ಒಂದೇ, ಅದು ಲೋಕಕ್ಕೆಲ್ಲ ಗೊತ್ತು. ಪುಟದ ಬದಲು ಇಷ್ಟು ಸೀಸೆ ಇದೆ ಎನ್ನುವ ಉತ್ತರ ಬಂದರೆ ಬೇಡ ಎನ್ನುವವರು ಯಾರು? ಆ ಕಾಲದಲ್ಲಿ ಪ್ರಶ್ನೆಯನ್ನು ಲಕೋಟೆಯೊಳಗೆ ಲಕೋಟೆ ಇಟ್ಟಂತೆ ಬಹಳ ಕಟ್ಟುನಿಟ್ಟಾಗಿ ಸುತ್ತಿ ಕಳಿಸುವ ಪದ್ಧತಿ ಇತ್ತು. ಸುನಿಲ್ದಾ ಅದನ್ನೇ ಕಲಿತಳು.

ಆದರೆ ಎಲಾದಿಯೊ ತನ್ನ ಪ್ರೋಗ್ರಾಮಿನ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ.

"ಒಳಗೆ ಕೈ ಹಾಕಂಗಿಲ್ಲ. ಏನ್ ಬೇಕೋ ಹೊರಗೆ ನಿಂತು ಕೇಳು," ಎಂದ.

"ನಂಗೂ ಅಷ್ಟೇ ಬೇಕಾಗಿರೋದು ದೋನ್ ಎಲಾದಿಯೊ. ಒಂದು ಬಾಗಿಲಿಗೆ ಜಾಗ ಬಿಡಿ, ಸಾಕು."

ಮುದುಕ ಮೀಸೆ ತಿರುವಿ ಜಾಗ ಬಿಟ್ಟ. ಮೂರು ತಿಂಗಳಿಗೆ ಬಾಗಿಲು ಸಿದ್ಧವಾಯಿತು. ಇನ್ನೊಂದು ಮಹಡಿಯ ಸಾಮಾನ್ಯ ಕಂಪ್ಯೂಟರಿನಲ್ಲಿ ಅವಳು ವಿಳಾಸ ಬರೆದು ಗುಂಡಿ ಒತ್ತಿದಳು. ಕಪ್ಪು ತೆರೆಯ ಮೇಲೆ ಹಸಿರು ಅಕ್ಷರದಲ್ಲಿ ಮಾತ್ರ ಮಾತಾಡಿ ಗೊತ್ತಿದ್ದ ಆ ಹಳೆಯ ಪ್ರೋಗ್ರಾಂ, ತನ್ನನ್ನು ಕೇಳುತ್ತಿರುವುದು ವೆಬ್ ಎಂಬ ಸುಳಿವೇ ಇಲ್ಲದೆ, ಇನ್ಸುಲಿನ್ ಮುನ್ನೂರ ಹನ್ನೆರಡು ಸೀಸೆ ಎಂದಿತು. ಎಲಾದಿಯೊ ಕೆಳಗಿಳಿದು ಹೋಗಿ, ದಪ್ಪ ಕೋಟು ಹಾಕಿಕೊಂಡು ಶೀತಲ ಕೋಣೆಯಲ್ಲಿ ಒಂದೊಂದೇ ಸೀಸೆ ಎಣಿಸಿದ. ಮುನ್ನೂರ ಹನ್ನೆರಡು. ಮೇಲೆ ಬಂದವನು ಹಣೆಯಿಂದ ಎದೆಗೆ ಶಿಲುಬೆಯ ಗುರುತು ಹಾಕಿಕೊಂಡು ಕುರ್ಚಿಯಲ್ಲಿ ಕುಸಿದು ಕೂತ. ಸುನಿಲ್ದಾಗೂ ಮೈಯೆಲ್ಲ ಜುಮ್ಮೆಂದಿತ್ತು. ಒಬ್ಬರ ಗುರುತು ಒಬ್ಬರಿಗಿಲ್ಲದ ಜನ, ಬೇರೆ ಬೇರೆ ದೇಶದಲ್ಲಿ ಬೇರೆ ಬೇರೆ ವರ್ಷದಲ್ಲಿ ಮಾಡಿಟ್ಟ ವಸ್ತುಗಳು, ಹೀಗೆ ಕೇಳುವುದು ಹೀಗೆ ಹೇಳುವುದು ಎಂಬ ಒಂದು ಮಾತಿಗೆ ನಿಷ್ಠರಾಗಿ ನಿಂತದ್ದರಿಂದ ಅಷ್ಟು ದೂರದ ತಣ್ಣನೆಯ ಕತ್ತಲೆ ಕೋಣೆ ಮಾತಾಡಿತ್ತು. ಆ ಸಂಜೆ ಅವಳು ಮನೆಗೆ ಹೋಗುವ ಬಸ್ಸು ಬಿಟ್ಟು ಇಗರ್ಜಿಗೆ ನಡೆದು ಹೋಗಿ, ಏನನ್ನೂ ಬೇಡದೆ ಸುಮ್ಮನೆ ಕೂತು ಬಂದಳು.

ವರ್ಷಗಳು ಕಳೆದವು. ಎಲಾದಿಯೊ ತೀರಿಕೊಂಡ. ಅವನ ಪ್ರೋಗ್ರಾಂ ಮಾತ್ರ ಬಾಗಿಲ ಹಿಂದೆ ಕೂತು ಉತ್ತರ ಕೊಡುತ್ತಲೇ ಇತ್ತು. ಲಕೋಟೆಗಳ ಕಾಲ ಹೋಗಿ ಹಗುರವಾದ ಚೀಟಿಗಳ ಕಾಲ ಬಂತು. ಕಂಪ್ಯೂಟರ್ ವಿಭಾಗಕ್ಕೆ ಹೊಸ ಮುಖ್ಯಸ್ಥನಾಗಿ ಇಂಜಿನಿಯರ್ ದೆರ್ಲಿಸ್ ಒವೆಲಾರ್ ಬಂದ. ಮೂವತ್ತನಾಲ್ಕರ ಚುರುಕು ಮನುಷ್ಯ, ಕೆಟ್ಟವನಲ್ಲ, ಸುನಿಲ್ದಾಳನ್ನು ಮರ್ಯಾದೆಯಿಂದ ನ್ಯಾ ಎಂದೇ ಕರೆಯುತ್ತಿದ್ದ. ಅವನ ತಂಡ ಚೀಟಿಯ ಪದ್ಧತಿಯಲ್ಲಿ ಹೊಸ ಬಾಗಿಲು ಕಟ್ಟಿತು, ಆರೋಗ್ಯ ಕೇಂದ್ರಗಳ ನರ್ಸುಗಳಿಗೆ ಫೋನಿನಲ್ಲಿ ಹೊಸ ಆ್ಯಪ್ ಕೊಟ್ಟಿತು. ಒಬ್ಬೊಬ್ಬರಾಗಿ ಎಲ್ಲರೂ ಅತ್ತ ಹೋದರು. ಹಳೆಯ ಬಾಗಿಲ ಪಟ್ಟಿ ದಿನದಿಂದ ದಿನಕ್ಕೆ ಗಿಡ್ಡವಾಗಿ, ಕೊನೆಗೆ ಒಂದೇ ಸಾಲು ಉಳಿಯಿತು.

ಆ ಒಂದು ಸಾಲು ಮಾತ್ರ ಒಂಬತ್ತು ವರ್ಷದಿಂದ ಇತ್ತು. ದಿನಕ್ಕೊಂದು ಸಲ ಯಾರೋ ಬಾಗಿಲು ತಟ್ಟಿ, ಲಾಂಚಿನ ಶೀತಲ ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳುತ್ತಿದ್ದರು. ಎಲ್ಲಿಂದ ಎಂದು ನೋಡಿದರೆ ಸಿಗುವುದು ಯಾವುದೋ ಉಪಗ್ರಹ ಕಂಪನಿಯ ನಂಬರು, ಅದೂ ಪರದೇಶದ್ದು. ಸುನಿಲ್ದಾ ಗಮನಿಸಿದ್ದಳು: ಬೇಸಿಗೆಯಲ್ಲಿ ಆ ತಟ್ಟು ಬೇಗ ಬರುತ್ತದೆ, ಚಳಿಗಾಲದಲ್ಲಿ ತಡವಾಗಿ. ಸೂರ್ಯ ಮೇಲೆ ಬಂದ ಮೇಲೆಯೇ. ಮೋಡ ಕವಿದ ದಿನ ಮಧ್ಯಾಹ್ನವಾಗುತ್ತಿತ್ತು. ಕರೆಂಟಿಲ್ಲದ ಕಡೆ, ಬಿಸಿಲಿನಿಂದ ಏಳುವ ಯಂತ್ರ ಅದು. ಇಷ್ಟು ತಿಳಿದಿದ್ದರೂ ಯಾರೆಂದು ಹುಡುಕಲು ಹೋಗಿರಲಿಲ್ಲ. ಬಾಗಿಲು ಕೇಳದ ಪ್ರಶ್ನೆಯನ್ನು ತಾನು ಕೇಳುವುದು ಸರಿಯಲ್ಲ ಎನ್ನುವುದು ಅವಳ ಲೆಕ್ಕ. ದಿನವೂ ಆ ಸಾಲು ಕಂಡಾಗ ಮನಸ್ಸಿನಲ್ಲೇ ಅವರ ಪರವಾಗಿ ಒಂದು ಮರಿಯಾ ಜಪ ಹೇಳಿಕೊಳ್ಳುತ್ತಿದ್ದಳು, ಹೆಸರು ಗೊತ್ತಿಲ್ಲದಿದ್ದರೇನು.

ಆ ವರ್ಷದ ಮಾರ್ಚಿನಲ್ಲಿ ದೆರ್ಲಿಸ್ ಅವಳ ಮೇಜಿನ ಬಳಿ ಕುರ್ಚಿ ಎಳೆದುಕೊಂಡು ಕೂತ. ಹಳೆಯ ಬಾಗಿಲಿಗಾಗಿ ಒಂದು ಮುದಿ ಯಂತ್ರವನ್ನು ಸಾಕಬೇಕು, ಅದರ ಬೀಗಗಳು ಈಗಿನ ಕಳ್ಳರಿಗೆ ಒಂದು ಲೆಕ್ಕವೇ ಅಲ್ಲ, ಏಪ್ರಿಲ್ ಕೊನೆಗೆ ಮುಚ್ಚಿಬಿಡೋಣ ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ನದಿಯ ದಂಡೆಯ ಹದಿನಾಲ್ಕು ಕೇಂದ್ರಗಳಿಗೂ ಕಾಗದ ಹೋಗಿತ್ತು, ಹದಿನಾಲ್ಕೂ ಕಡೆಯಿಂದ ನಾವು ಹೊಸದಕ್ಕೆ ಬಂದಿದ್ದೇವೆ ಎಂದು ಸಹಿ ಬಂದಿತ್ತು. ಹಾಗಾದರೆ ದಿನಾ ತಟ್ಟುತ್ತಿರುವವರು ಯಾರು ಎಂದು ಅವಳು ಕೇಳಿದಳು.

"ಎಲ್ಲೋ ಮರೆತು ಬಿಟ್ಟಿರೋ ಯಂತ್ರ ಇರತ್ತೆ ನ್ಯಾ ಸುನಿಲ್ದಾ. ಯಜಮಾನ ಸತ್ತೋದ್ರೂ ಗೇಟು ಕಾಯೋ ನಾಯಿ ಥರ. ಒಂದು ಕೆಲಸ ಮಾಡಣ. ಒಂದು ವಾರ ಮುಚ್ಚಿ ನೋಡಣ. ಯಾರಿಗಾದ್ರೂ ನೋವಾದ್ರೆ ಕೂಗ್ತಾರೆ. ಕೂಗ್ಲಿಲ್ಲ ಅಂದ್ರೆ ಯಾರೂ ಇಲ್ಲ ಅಂತ."

ಈ ಕೂಗಿನ ಪರೀಕ್ಷೆ ಅವರ ಕಸುಬಿನಲ್ಲಿ ಎಲ್ಲ ಕಡೆ ನಡೆಯುವಂಥದ್ದೇ. ಸುನಿಲ್ದಾ ಮಾತ್ರ ಒಪ್ಪಲಿಲ್ಲ. "ಕೂಗಬೇಕು ಅಂದ್ರೆ ಯಾರನ್ನ ಕೂಗಬೇಕು ಅಂತ ಗೊತ್ತಿರಬೇಕಲ್ಲ ಮಗಾ," ಎಂದಳು. ದೆರ್ಲಿಸ್ ನಕ್ಕು ಅವಳ ಕೈ ತಟ್ಟಿದ. ಯಾರಿಗೂ ತೊಂದರೆಯಾಗದಿರಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಅವನು ಪರೀಕ್ಷೆಗೆ ಪವಿತ್ರ ವಾರವನ್ನು ಆರಿಸಿದ.

ಪವಿತ್ರ ವಾರವೆಂದರೆ ದೇಶಕ್ಕೆ ದೇಶವೇ ತವರಿಗೆ ಹೋಗುವ ವಾರ. ಬುಧವಾರ ಹಿಟ್ಟು ನಾದಿ, ಮಣ್ಣಿನ ಒಲೆಯಲ್ಲಿ ಚಿಪಾ ರೊಟ್ಟಿ ಬೇಯಿಸಿ ಬುಟ್ಟಿ ತುಂಬಿಸಿಟ್ಟರೆ, ಆಮೇಲೆ ಯಾವ ಕಚೇರಿಯ ಫೋನೂ ಎತ್ತುವವರಿಲ್ಲ. ಅಂಥ ವಾರದಲ್ಲಿ ಬಾಗಿಲು ಮುಚ್ಚಿ, ಯಾರಾದರೂ ಕೂಗುತ್ತಾರೋ ಎಂದು ಕಿವಿಗೊಟ್ಟರು. ಸೋಮವಾರದಿಂದ ಈಸ್ಟರ್ ಭಾನುವಾರದ ತನಕ ಒಂದು ಕರೆ ಬರಲಿಲ್ಲ, ಒಂದು ಕಾಗದ ಬರಲಿಲ್ಲ. ಪರೀಕ್ಷೆ ಗೆದ್ದಿತೆಂದು ಬರೆದಿಟ್ಟರು.

ಮರುದಿನ ಬಾಗಿಲನ್ನು ಕೊನೆಯ ಕೆಲವು ವಾರಗಳಿಗಾಗಿ ಮತ್ತೆ ತೆರೆದರು. ಸುನಿಲ್ದಾ ಪಟ್ಟಿ ತೆಗೆದಳು. ಖಾಲಿ. ಮೋಡ ಇರಬಹುದು ಎಂದುಕೊಂಡಳು. ಮಂಗಳವಾರ ಖಾಲಿ. ಬುಧವಾರ ನದಿಯ ಮೇಲ್ಗಡೆ ಚುರುಗುಟ್ಟುವ ಬಿಸಿಲು ಎಂದು ಹವಾಮಾನದವರು ಹೇಳಿದರು, ಅಂದೂ ಖಾಲಿ. ಒಂಬತ್ತು ವರ್ಷ ತಪ್ಪದೆ ಬಂದವರು ಬರಲಿಲ್ಲ. ಶುಕ್ರವಾರವೂ ಖಾಲಿ ಕಂಡಾಗ ಅವಳು ಸೀದಾ ದೆರ್ಲಿಸನ ಕೋಣೆಗೆ ಹೋದಳು.

"ನೋಡಿ, ನಾನು ಹೇಳ್ಲಿಲ್ವಾ," ಎಂದ ಅವನು. "ಈಗ ಒಬ್ರೂ ತಟ್ಟುತ್ತಿಲ್ಲ. ಈ ತಿಂಗಳ ಕೊನೆ ತನಕ ಕಾಯೋದೇ ಬೇಡ, ಸೋಮವಾರವೇ ಮುಚ್ಬೋದು."

"ಮುಚ್ಚಿದಾಗ ಬಾಗಿಲ ಮೇಲೆ ಏನಂತ ಬರೆದಿದ್ರಿ ಮಗಾ?"

ಅವನು ಹುಡುಕಿ ತೋರಿಸಿದ. ಈ ಸೇವೆ ಶಾಶ್ವತವಾಗಿ ನಿಂತಿದೆ ಎಂದಿತ್ತು. ಪರೀಕ್ಷೆ ನಿಜವೆನಿಸಲಿ ಎಂದು ಹಾಗೆ ಬರೆದದ್ದು. ಸುನಿಲ್ದಾ ಆ ಸಾಲನ್ನು ಎರಡು ಸಲ ಓದಿದಳು. ಓದಿದವರು ನಂಬಿದ್ದಾರೆ. ನಂಬಿ, ತಟ್ಟುವುದನ್ನು ನಿಲ್ಲಿಸಿದ್ದಾರೆ. ಮರೆತು ಬಿಟ್ಟ ಯಂತ್ರವಾಗಿದ್ದರೆ ಓದುತ್ತಲೂ ಇರಲಿಲ್ಲ, ನಿಲ್ಲಿಸುತ್ತಲೂ ಇರಲಿಲ್ಲ. ಅಲ್ಲಿ ಯಾರೋ ಮನುಷ್ಯರಿದ್ದಾರೆ. ಇಷ್ಟನ್ನು ಅವಳು ಏರಿಸದ ದನಿಯಲ್ಲಿ ಹೇಳಿದಾಗ ದೆರ್ಲಿಸನ ಮುಖ ಸಪ್ಪಗಾಯಿತು. ಆದರೂ ಯಾರೆಂದು ಗೊತ್ತಾಗದೆ ಏನು ಮಾಡುವುದು ಎಂದ. ಸೋಮವಾರ ಬೆಳಿಗ್ಗೆ ತನಕ ಸಮಯ ಕೊಟ್ಟ.

ಅವಳು ಛತ್ರಿ ಹಿಡಿದು ಬಂದರಿಗೆ ಹೋದಳು. ಪ್ರಶ್ನೆ ಲಾಂಚಿನದಾದರೆ ಉತ್ತರವೂ ಲಾಂಚಿನವರ ಹತ್ತಿರವೇ ಇರಬೇಕು. ಶೀತಲ ಪೆಟ್ಟಿಗೆ ಹೊತ್ತು ವಾರಕ್ಕೊಮ್ಮೆ ಮೇಲಕ್ಕೆ ಹೋಗುವುದು 'ಪಾಸಿಯೆನ್ಸಿಯಾ' ಎಂಬ ಒಂದೇ ಲಾಂಚು, ಅದರ ಯಜಮಾನ ದೋನ್ ವಾಲ್ದಿನೊ. ಆಗ ಅವನು ನದಿಯ ಮೇಲೆ ಬಹಳ ದೂರ ಇದ್ದ. ಬಂದರಿನ ಕಚೇರಿಯ ರೇಡಿಯೋ ಗುಮಾಸ್ತ ಅವನನ್ನು ಕರೆದು ಕರೆದು ಸುಸ್ತಾಗಿ, ಬರೀ ಗರಗರ ಎಂದು ಕೈಚೆಲ್ಲಿದ. ಅವಳು ತಾನು ಒಂದು ಸಲ ನೋಡಲೇ ಎಂದು ಕೇಳಿ, ಹೆಡ್‌ಫೋನು ಹಾಕಿಕೊಂಡು, ಕಣ್ಣು ಮುಚ್ಚಿ, ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದಳು.

"ಪಾಸಿಯೆನ್ಸಿಯಾ, ಪಾಸಿಯೆನ್ಸಿಯಾ. ಭಂಡಾರದಿಂದ ಸುನಿಲ್ದಾ."

ಗರಗರ ಸ್ವಲ್ಪ ತೆಳುವಾಯಿತು. ಆಮೇಲೆ ಒಂದು ಒರಟು ದನಿ ಬಂತು. "ಈ ದನಿ ನಂಗೊತ್ತು. ಇಪ್ಪತ್ತೈದು ವರ್ಷ ಆಯ್ತು ಕೇಳಿ. ನೀವು ಇನ್ನೂ ಬದುಕಿದ್ದೀರಾ ನ್ಯಾ ಸುನಿಲ್ದಾ? ಮದುವೆ ಆಗಿ ಅರ್ಜೆಂಟೀನಾಗೆ ಹೋದ್ರು ಅಂದಿದ್ರಲ್ಲ ಯಾರೋ."

"ಯಾರೂ ಕರಕೊಂಡು ಹೋಗ್ಲಿಲ್ಲ ದೋನ್ ವಾಲ್ದಿನೊ. ನಿಮ್ಮ ಹಾದೀಲಿ ಕರೆಂಟಿಲ್ಲದ ಊರು ಯಾವುದು? ಶೀತಲ ಪೆಟ್ಟಿಗೆ ಇಳಿಸ್ಕೊಳೋರು."

ಪುಯೆರ್ತೊ ಕರಂದಾ ಎಂದ ಅವನು. ಆ ಕೇಂದ್ರವನ್ನು ನಾಲ್ಕು ವರ್ಷದ ಹಿಂದೆ ಕಾಗದದ ಮೇಲೆ ಪುಯೆರ್ತೊ ವೊಲುಂತಾದ್‌ನ ಕೇಂದ್ರಕ್ಕೆ ಸೇರಿಸಿದ್ದರು, ಎರಡಕ್ಕೂ ಸೇರಿಸಿ ವೊಲುಂತಾದ್‌ನವರೇ ಸಹಿ ಹಾಕಿದ್ದರು. ಕರಂದಾದಲ್ಲಿ ಲಾಂಚು ನಿಲ್ಲಬೇಕಾದರೆ ದಂಡೆಯ ಕಂಬಕ್ಕೆ ಬಿಳಿ ಬಟ್ಟೆ ಏರಬೇಕು. ನರ್ಸ್ ಎಪಿಫಾನಿಯಾ ಯಾವತ್ತೂ ಸುಮ್ಮಸುಮ್ಮನೆ ಏರಿಸಿದವಳಲ್ಲ, ಅವಳಿಗೆ ಪೆಟ್ಟಿಗೆಯಲ್ಲಿ ಮದ್ದು ಇರುವುದು ಹೇಗೋ ಮೊದಲೇ ಗೊತ್ತಿರುತ್ತಿತ್ತು, ಮಾಟಗಾತಿ ಎಂದು ತನ್ನ ಆಳುಗಳು ತಮಾಷೆ ಮಾಡುತ್ತಿದ್ದರು ಎಂದ. ಹೋದ ವಾರ ಮಾತ್ರ ಬಟ್ಟೆ ಏರಿಲ್ಲ, ಅದಕ್ಕೇ ಅವನು ನಿಲ್ಲಿಸದೆ ಹೋಗಿ ಪೆಟ್ಟಿಗೆಯನ್ನು ವೊಲುಂತಾದ್‌ನಲ್ಲಿ ಇಳಿಸಿದ್ದ. ನಾಳೆ ಬೆಳಿಗ್ಗೆ ಕರಂದಾ ದಾಟುತ್ತಾನೆ.

"ಬಟ್ಟೆ ಇಲ್ಲದಿದ್ರೂ ನಿಲ್ಲಿಸಿ," ಎಂದಳು ಸುನಿಲ್ದಾ.

"ಬಟ್ಟೆ ಇಲ್ದೆ ನಿಲ್ಲಿಸಿದ್ರೆ ನಾಳೆಯಿಂದ ಪ್ರತಿ ಅಜ್ಜಿನೂ ದಂಡೇಲಿ ಕೈ ಬೀಸ್ತಾಳೆ. ನನ್ನಪ್ಪ ಕೂಡ ನಿಲ್ಲಿಸಿದವನಲ್ಲ."

"ಬಟ್ಟೆ ಏರಲ್ಲ ದೋನ್ ವಾಲ್ದಿನೊ. ಏರಿಸು ಅಂತ ಹೇಳೋ ಬಾಗಿಲನ್ನ ನಾವು ಮುಚ್ಚಿಬಿಟ್ವಿ. ತಪ್ಪು ನಮ್ಮದು."

ಅವನು ನಿಲ್ಲಿಸುತ್ತೇನೆ ಎನ್ನಲೂ ಇಲ್ಲ, ಇಲ್ಲ ಎನ್ನಲೂ ಇಲ್ಲ. ನಾಳೆ ಹತ್ತು ಗಂಟೆಗೆ ಇದೇ ಅಲೆಯಲ್ಲಿ ಇರಿ ಎಂದಷ್ಟೇ ಹೇಳಿದ.

ಶನಿವಾರ ದೆರ್ಲಿಸನೂ ಬಂದ. ಕರೆಯಲು ಅವಳಿಗೆ ಸಂಕೋಚವಿತ್ತು, ಅವನೇ ಬಾಗಿಲಲ್ಲಿ ನಿಂತಿದ್ದ. ಇಬ್ಬರೂ ಬಂದರಿನ ಸಣ್ಣ ಕೋಣೆಯಲ್ಲಿ ಮಂಡಿ ತಾಗುವಂತೆ ಕೂತರು. ಹತ್ತಾಯಿತು, ಹತ್ತೂಕಾಲಾಯಿತು. ದೆರ್ಲಿಸ್ ಉಗುರು ಕಚ್ಚುತ್ತಿದ್ದ. ಅವಳ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು. ಹತ್ತೂವರೆಗೆ ಗರಗರ ಸೀಳಿಕೊಂಡು ಒಂದು ಹೆಂಗಸಿನ ದನಿ ಬಂತು. ವಯಸ್ಸಾದ, ಆಯಾಸದ ದನಿ.

"ನಾನು ಕರಂದಾದ ಎಪಿಫಾನಿಯಾ ರೊಲೊನ್. ಲಾಂಚಿಂದ ಮಾತಾಡ್ತಿದ್ದೀನಿ. ಪೆಟ್ಟಿಗೆ ಸಿಕ್ತು. ಅಲ್ಲಿರೋದು ಆ ಹೆಂಗಸೇನಾ?"

ಯಾವ ಹೆಂಗಸು ಎಂದು ಸುನಿಲ್ದಾ ಕೇಳಿದಳು.

ಎಪಿಫಾನಿಯಾ ನಿಧಾನವಾಗಿ ಹೇಳಿದಳು. ಒಂಬತ್ತು ವರ್ಷದ ಹಿಂದೆ ಬಿಳಿ ಮೀಸೆಯ ಒಬ್ಬ ಮುದುಕ ಲಾಂಚಿನಲ್ಲಿ ಬಂದಿದ್ದ, ಶೀತಲ ಕೋಣೆಯವನು ಎಂದ. ಮೂರು ದಿನ ಅವಳ ಕೇಂದ್ರದ ಮಾಡಿನ ಮೇಲೆ ಹತ್ತಿ ಇಳಿದು ಬಿಸಿಲಿನ ಹಲಗೆ ಕೂರಿಸಿದ. ಪಕ್ಕದ ದನದ ಫಾರಂನವರ ಹತ್ತಿರ ಜಗಳವಾಡಿ ಅವರ ಉಪಗ್ರಹದ ತಟ್ಟೆಯಿಂದ ಒಂದು ತಂತಿ ಎಳೆದ. ತನ್ನ ಹಳೆಯ ಕಂಪ್ಯೂಟರನ್ನು ಇಟ್ಟು ಹೋದ. ಅದರಲ್ಲಿ ಒಂದೇ ಪುಟ, ಪುಟದಲ್ಲಿ ಒಂದೇ ಗುಂಡಿ.

"ದಿನಾ ಬೆಳಿಗ್ಗೆ ಇದನ್ನ ಒತ್ತು, ಕರಂದಾ ಅಂತ ಹೆಸರಿರೋ ಪೆಟ್ಟಿಗೆ ಕಂಡ್ರೆ ಬಟ್ಟೆ ಏರಿಸು ಅಂದ್ರು. ಉತ್ತರ ಯಾರು ಕೊಡ್ತಾರೆ ಅಂತ ಕೇಳ್ದೆ. ಯಂತ್ರ ಕೊಡತ್ತೆ, ಆದ್ರೆ ಅಲ್ಲೊಬ್ಳು ಹೆಂಗಸಿದಾಳೆ, ನೀನು ಒತ್ತಿದ್ದು ಅವಳಿಗೆ ತಿಳಿಯತ್ತೆ ಅಂದ್ರು."

ಸುನಿಲ್ದಾ ಮೈಕಿನ ಗುಂಡಿಯಿಂದ ಬೆರಳು ತೆಗೆದಳು. ಆ ವರ್ಷ ಎಲಾದಿಯೊ ರಜೆ ಹಾಕಿ ಮೀನು ಹಿಡಿಯಲು ಹೋಗುತ್ತೇನೆ ಎಂದಿದ್ದ. ತಿರುಗಿ ಬಂದಾಗ ಮೀನು ಎಲ್ಲಿ ಎಂದು ಎಲ್ಲರೂ ಗೇಲಿ ಮಾಡಿದ್ದರು. ಬೆಳಿಗ್ಗೆ ಅವಳು ಪಟ್ಟಿ ಓದುವುದನ್ನು ಅವನು ಒಂದು ದಿನವೂ ಪ್ರಸ್ತಾಪಿಸಿದವನಲ್ಲ. ಅವಳು ಕಟ್ಟಿದ ಬಾಗಿಲನ್ನು ಅವನು ಹೆಗಲ ಮೇಲೆ ಹೊತ್ತಂತೆ ನದಿಯುದ್ದಕ್ಕೂ ಒಯ್ದು, ಕರಂದಾದ ಒಂದು ಮಾಡಿನ ಕೆಳಗೆ ಇಟ್ಟು ಬಂದಿದ್ದ. ಆಮೇಲೆ ಸತ್ತಿದ್ದ. ಅಲ್ಲಿ ಒಬ್ಬಳು ಬಿಸಿಲು ಏಳುವುದನ್ನು ಕಾದು ಗುಂಡಿ ಒತ್ತುತ್ತಿದ್ದಳು, ಇಲ್ಲಿ ಒಬ್ಬಳು ಓದುತ್ತಿದ್ದಳು, ನಡುವೆ ಆಕಾಶದಲ್ಲಿ ಸುತ್ತುವ ಒಂದು ಲೋಹದ ಚೂರು. ಒಂಬತ್ತು ವರ್ಷ.

ಪುಟ ಮುಚ್ಚಿದ ವಾರದಿಂದ ಏನಾಯಿತು ಎಂದು ಎಪಿಫಾನಿಯಾ ಯಾರನ್ನೂ ದೂರದೆ ಹೇಳಿದಳು. ಶಾಶ್ವತವಾಗಿ ಎಂದು ಬರೆದಿತ್ತು, ಆದ್ದರಿಂದ ಮತ್ತೆ ಒತ್ತಲಿಲ್ಲ, ಮದ್ದು ಕಳಿಸುವುದೇ ನಿಂತಿತೆಂದುಕೊಂಡು ಬಟ್ಟೆಯನ್ನೂ ಏರಿಸಲಿಲ್ಲ. ಊರಿನಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು ಹನ್ನೊಂದು ಜನ, ಅದರಲ್ಲಿ ಒಂದು ಆರು ವರ್ಷದ ಹುಡುಗಿ. ಇದ್ದುದನ್ನು ಅರ್ಧರ್ಧ ಮಾಡಿದಳು. ಇಬ್ಬರನ್ನು ದೋಣಿಯಲ್ಲಿ ವೊಲುಂತಾದ್‌ಗೆ ಕಳಿಸಿದಳು. ಹುಟ್ಟು ಹಾಕಿಕೊಂಡು ಹೋಗಲು ಎರಡು ದಿನ, ಬರಲು ಎರಡು ದಿನ, ದಾರಿಯಲ್ಲಿ ಮಂಜುಗಡ್ಡೆ ಕರಗಿ ಮದ್ದು ಬಿಸಿಯಾಗಿ ಕೆಟ್ಟಿತು. ಇಂದು ಬೆಳಿಗ್ಗೆ ಅವಳ ಹತ್ತಿರ ಒಂದೇ ಸೀಸೆ ಉಳಿದಿತ್ತು, ಅದನ್ನು ಹುಡುಗಿಗೆಂದು ಇಟ್ಟಿದ್ದಳು. ಆಗ ಬಟ್ಟೆ ಏರಿಸದ ದಂಡೆಗೆ ಲಾಂಚು ಬಂದು ತಾಗಿತು. ಅವಳು ಮೊದಲು ಏನೋ ಕೆಟ್ಟಿರಬೇಕೆಂದು ಹೆದರಿದಳಂತೆ.

"ಎಲ್ಲರೂ ಇದಾರಾ?" ಎಂದಳು ಸುನಿಲ್ದಾ.

"ಎಲ್ಲರೂ ಇದಾರೆ. ದೋನ್ ಬಸ್ತಿಯಾನ್ ಕಾಲು ಊದಿದೆ, ನೋಡ್ಕೋತಿದೀನಿ. ಹನ್ನೊಂದೂ ಜನ ಇದಾರೆ."

ದೆರ್ಲಿಸ್ ಎದ್ದು ಕಿಟಕಿಯ ಕಡೆ ತಿರುಗಿ ನಿಂತಿದ್ದ. ಸುನಿಲ್ದಾ ಹೆಡ್‌ಫೋನು ತೆಗೆದು ಅವನ ಕಡೆ ಚಾಚಿದಳು. ಅವನು ತೆಗೆದುಕೊಂಡು, ತನ್ನ ಹೆಸರು ಹೇಳಿ, ಬಾಗಿಲು ಮುಚ್ಚಿದವನು ನಾನು, ಸೋಮವಾರ ಬೆಳಿಗ್ಗೆ ಒತ್ತಿ ನೋಡಿ, ಉತ್ತರ ಬರುತ್ತದೆ ಎಂದ. ಆ ಕಡೆಯಿಂದ ಎಪಿಫಾನಿಯಾ, ಪರವಾಗಿಲ್ಲ ಮಗನೇ, ನಿನ್ನ ತಾಯಿಗೆ ನಮಸ್ಕಾರ ಹೇಳು ಎಂದಳು.

ಸೋಮವಾರ ಬೆಳಿಗ್ಗೆ ಪಟ್ಟಿಯಲ್ಲಿ ಆ ಸಾಲು ಬಂತು. ಒಂದು ನಿಮಿಷ ಬಿಟ್ಟು ಮತ್ತೊಂದು ಸಲ ಬಂತು, ನಂಬಿಕೆಯಾಗದೆ ಎರಡನೆಯ ಸಲ ಒತ್ತಿದಂತೆ.

ಅಂದು ದೆರ್ಲಿಸ್ ತಂಡವನ್ನು ಕೂರಿಸಿಕೊಂಡು ಒಂದು ತೀರ್ಮಾನ ಹೇಳಿದ. ಮುದಿ ಯಂತ್ರ ಹೋಗಲೇಬೇಕು, ಎಲಾದಿಯೊನ ಪ್ರೋಗ್ರಾಮನ್ನೂ ಒಂದು ದಿನ ಹೊಸದಾಗಿ ಬರೆಯಲೇಬೇಕು. ಆದರೆ ಹಳೆಯ ವಿಳಾಸ ಅಲ್ಲೇ ಇರುತ್ತದೆ. ಬಂದ ಲಕೋಟೆಯನ್ನು ಬಿಡಿಸಿ, ಚೀಟಿಯಾಗಿ ಮಾಡಿ ಹೊಸ ಬಾಗಿಲಿಗೆ ಕೊಟ್ಟು, ಉತ್ತರವನ್ನು ಮತ್ತೆ ಲಕೋಟೆಯಲ್ಲಿಟ್ಟು ಕಳಿಸುವ ಒಂದು ಸಣ್ಣ ದುಭಾಷಿಯನ್ನು ನಡುವೆ ಕೂರಿಸೋಣ. ಕರಂದಾದಲ್ಲಿ ಗುಂಡಿ ಒತ್ತುವವಳಿಗೆ ಏನೂ ಬದಲಾದಂತೆ ಕಾಣಬಾರದು. ಕೇಳುವ ರೀತಿ, ಹೇಳುವ ರೀತಿ, ಒಂದು ಅಕ್ಷರ ಹೆಚ್ಚುಕಡಿಮೆ ಆಗಬಾರದು. ಅದನ್ನು ಬರೆಯುವುದು ಯಾರೆಂದು ಅವನು ಕೇಳಲಿಲ್ಲ. ಎಲ್ಲರೂ ಸುನಿಲ್ದಾಳ ಕಡೆ ನೋಡಿದರು. ಅವಳು ಕನ್ನಡಕ ಒರೆಸಿಕೊಂಡಳು.

ಮೂರು ವಾರದ ಮೇಲೆ ದೋನ್ ವಾಲ್ದಿನೊ ಭಂಡಾರಕ್ಕೇ ಬಂದ. ಇಷ್ಟು ವರ್ಷ ದನಿ ಮಾತ್ರ ಕೇಳಿದ್ದವನು, ಅವಳನ್ನು ಮೇಲಿನಿಂದ ಕೆಳಗೆ ನೋಡಿ, ರೇಡಿಯೋದಲ್ಲಿ ಎತ್ತರ ಕಾಣುತ್ತಿದ್ದಿರಿ ಎಂದ. ಕೈಯಲ್ಲಿ ಟೋಪಿ ತಿರುಗಿಸುತ್ತಾ ವಿಷಯಕ್ಕೆ ಬಂದ. ಕರಂದಾದವರು ಅವಳನ್ನು ನೋಡಬೇಕು ಎಂದಿದ್ದಾರೆ. ಲಾಂಚಿನಲ್ಲಿ ಒಂದು ಕ್ಯಾಬಿನ್ ಇದೆ, ತಾನು ಮಲಗುವುದು, ಅದನ್ನು ಬಿಟ್ಟುಕೊಡುತ್ತಾನೆ. ಹೋಗಿ ಬರಲು ಆರು ದಿನ. ಟಿಕೆಟಿನ ಮಾತೇ ಇಲ್ಲ, ಊಟಕ್ಕೆ ಸುರುಬಿ ಮೀನು. ನದಿಯ ಮೇಲ್ಗಡೆ ಸಂಜೆ ಕೊಕ್ಕರೆಗಳು ಇಳಿಯುವುದನ್ನು ನೋಡಬೇಕು, ಆಕಾಶವೇ ಹರಿದು ಬಿದ್ದಂತೆ ಇರುತ್ತದೆ ಎಂದ. ದೆರ್ಲಿಸ್ ತನ್ನ ಮೇಜಿನಿಂದಲೇ, ಹೋಗಿ ಬನ್ನಿ ನ್ಯಾ ಸುನಿಲ್ದಾ, ರಜೆಗೆ ಈಗಲೇ ಸಹಿ ಹಾಕುತ್ತೇನೆ ಎಂದ.

ಮೂವತ್ತೆಂಟು ವರ್ಷದಿಂದ ಆ ಊರುಗಳ ಹೆಸರು ಕೇಳುತ್ತಾ ಬಂದವಳು ಅದರಲ್ಲಿ ಒಂದನ್ನೂ ಕಣ್ಣಿಂದ ಕಂಡಿರಲಿಲ್ಲ. ಅವಳು ಮುಗುಳ್ನಕ್ಕಳು. ವಾಲ್ದಿನೊ ಒಪ್ಪಿದಳೆಂದೇ ತಿಳಿದು ಟೋಪಿ ತಲೆಗೆ ಹಾಕಿಕೊಂಡ.

"ಬೇಡ ದೋನ್ ವಾಲ್ದಿನೊ," ಎಂದಳು. "ದುಭಾಷಿ ಇನ್ನೂ ಅರ್ಧ ಆಗಿದೆ. ಅದು ಮುಗಿಯೋ ತನಕ ಬಾಗಿಲ ಹಿಂದೆ ಯಾರಾದ್ರೂ ಇರಬೇಕು."

"ಮುಗಿದ ಮೇಲೆ ಬರ್ತೀರಾ?"

"ಮುಗಿದ ಮೇಲೂ ಬೇಡ. ಹೋಗಿ ಅವರ ಮುಖ ನೋಡಿಬಿಟ್ರೆ, ನಾಳೆಯಿಂದ ನಾನು ಅವರಿಗೋಸ್ಕರ ಮಾತ್ರ ಪಟ್ಟಿ ಓದ್ತೀನಿ. ಇನ್ನೂ ಯಾರು ತಟ್ಟುತ್ತಾರೋ ನಂಗೊತ್ತಿಲ್ವಲ್ಲ."

ಕ್ಯಾಬಿನನ್ನು ದೋನ್ ಬಸ್ತಿಯಾನನಿಗೆ ಕೊಡಿ, ಅವನ ಕಾಲನ್ನು ಇಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಬೇಕು ಎಂದು ಹೇಳಿ, ಅವಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.